ನಾಲ್ಕೂ ಗಾಲಿಗೆ ನಿಂಬೆಹಣ್ಣು ಇಟ್ಟು ತಂದ ಹೊಸ ಕಾರು ನಡುರಸ್ತೆಯಲ್ಲಿ ನಿಲ್ಲುತ್ತಿದೆ. ಕಾನೂನಲ್ಲಿ ಏನಾದ್ರೂ ದಾರಿ ಇದೆಯಾ?

ಹದಡಿ ರೋಡ್ | ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಆಯುಧಪೂಜೆಯ ಹಿಂದಿನ ದಿನ ಹೊಸ ಕಾರು ತಂದೆವು. ಪೆಟ್ರೋಲ್, ಆಟೋಮ್ಯಾಟಿಕ್. ಶೋರೂಂ ಬೆಲೆ 11 ಲಕ್ಷ 20 ಸಾವಿರ, ರಸ್ತೆಗೆ ಇಳಿಯುವಷ್ಟರಲ್ಲಿ 13 ಲಕ್ಷ 80 ಸಾವಿರ. ದುಗ್ಗಮ್ಮನ ಗುಡಿ ಮುಂದೆ ಪೂಜೆ ಆಯ್ತು, ಕಾಯಿ ಒಡೆದಿದ್ದಾಯ್ತು, ನಿಂಬೆಹಣ್ಣು ಹತ್ತಿಸಿದ್ದಾಯ್ತು.

ಹದಿನೆಂಟನೇ ದಿನ ಚಿತ್ರದುರ್ಗದಿಂದ ವಾಪಸ್ ಬರುವಾಗ ಆನಗೋಡು ಹತ್ತಿರ ಎಂಜಿನ್ ಆಫ್. ಗಾಡಿ 80ರಲ್ಲಿತ್ತು. ಎರಡು ಸಲ ಬ್ರೇಕ್ ಒತ್ತಿದೆ, ಮೂರನೇ ಸಲಕ್ಕೆ ಪೆಡಲ್ ಕಲ್ಲಿನ ಹಾಗೆ. ಹಿಂದೆ ಲಾರಿ ಒಂದೇ ಸಮನೆ ಹಾರ್ನ್ ಹೊಡೀತಾ ಬರ್ತಿದೆ. ಹಿಂದಿನ ಸೀಟಲ್ಲಿ ಅಮ್ಮ ದುಗ್ಗಮ್ಮನ ಹೆಸರು ಬಿಟ್ಟು ಬೇರೆ ಏನೂ ಹೇಳ್ತಿಲ್ಲ. ಹೇಗೋ ಎಡಕ್ಕೆ ತಂದು ನಿಲ್ಲಿಸಿದೆ. ಇಪ್ಪತ್ತು ನಿಮಿಷ ಬಿಟ್ಟು ಚಾಲೂ ಮಾಡಿದರೆ ಏನೂ ಆಗಿಲ್ಲವೇನೋ ಅನ್ನುವ ಹಾಗೆ ಸ್ಟಾರ್ಟ್ ಆಯ್ತು.

ಈಗ ನಾಲ್ಕು ತಿಂಗಳು, 6,200 ಕಿಲೋಮೀಟರ್. ಐದು ಸಲ ಹೀಗೆ ನಿಂತಿದೆ. ನಾಲ್ಕು ಸಲ ಸರ್ವಿಸ್ ಸೆಂಟರಿಗೆ ಬಿಟ್ಟೆ. ಪ್ರತಿ ಸಲ "ಟೆಸ್ಟ್ ಡ್ರೈವ್ ಮಾಡಿದೆವು ಸರ್, ಪ್ರಾಬ್ಲಂ ಏನೂ ಕಾಣಲಿಲ್ಲ" ಅಂತ ತೊಳೆದು ಕೊಡ್ತಾರೆ. ತೊಳೆಯೋದು ಮಾತ್ರ ಚೆನ್ನಾಗಿ ತೊಳೀತಾರೆ. ಕೊನೇ ಸಲ ಮ್ಯಾನೇಜರ್ "ನಿಮ್ಮ ಡ್ರೈವಿಂಗ್ ಸ್ಟೈಲ್ ಸ್ವಲ್ಪ ನೋಡ್ಕೊಳ್ಳಿ" ಅಂದ. ಹದಿನೈದು ವರ್ಷದಿಂದ ಗಾಡಿ ಓಡಿಸ್ತಿದ್ದೀನಿ.

ನನಗೆ ಬೇರೆ ಕಾರು ಕೊಡಲಿ, ಇಲ್ಲಾ ದುಡ್ಡು ವಾಪಸ್ ಕೊಡಲಿ. ಹಾಗೆ ಕೇಳೋಕೆ ಕಾನೂನಲ್ಲಿ ಅವಕಾಶ ಇದೆಯಾ? ಯಾರಾದ್ರೂ ಮಾಡಿದ್ದೀರಾ?

ಬೆಣ್ಣೆ ಜಾಸ್ತಿ | ಭಾನುವಾರ ರಾತ್ರಿ 9:52

ಯಾವ ಕಂಪನಿ ಅಂತ ಹೇಳಿ ಅಣ್ಣಾ. ನಾನು ಮುಂದಿನ ತಿಂಗಳು ತಗೋಬೇಕು.

ಹದಡಿ ರೋಡ್ | ಭಾನುವಾರ ರಾತ್ರಿ 9:55

ಈಗ ಬೇಡ. ನಾಳೆ ಅವರೇ ಇದನ್ನು ಹಿಡಿದುಕೊಂಡು ಮಾನನಷ್ಟ ಅಂತ ಶುರು ಮಾಡಿದರೆ?

ಕೋಟೆ ಕೆಎ16 | ಭಾನುವಾರ ರಾತ್ರಿ 10:10

ನಮ್ಮ ಭಾವ ಅಮೆರಿಕದಲ್ಲಿದ್ದಾರೆ. ಅಲ್ಲಿ ಇಂಥ ಗಾಡಿಗೆ ಹೆಸರೇ "ಲೆಮನ್" ಅಂತೆ. ನಿಂಬೆಹಣ್ಣು! ಅದಕ್ಕೇ ಅಂತ ಬೇರೆ ಕಾನೂನೇ ಇದೆ, ಲೆಮನ್ ಲಾ. ಮೊದಲು ಬಂದಿದ್ದು ಕನೆಕ್ಟಿಕಟ್ ರಾಜ್ಯದಲ್ಲಿ, 1982ರಲ್ಲಿ. ಈಗ ಎಲ್ಲ ರಾಜ್ಯಗಳಲ್ಲೂ ಒಂದಲ್ಲ ಒಂದು ರೂಪದಲ್ಲಿ ಇದೆ. ಒಂದೇ ದೋಷಕ್ಕೆ ಇಷ್ಟು ಸಲ ರಿಪೇರಿ, ಇಲ್ಲಾ ಇಷ್ಟು ದಿನ ಗಾಡಿ ವರ್ಕ್‌ಶಾಪಲ್ಲೇ ನಿಂತಿತ್ತು ಅಂದ್ರೆ ಕಂಪನಿ ಬದಲಿ ಗಾಡಿ ಕೊಡಬೇಕು ಇಲ್ಲಾ ದುಡ್ಡು ಕೊಡಬೇಕು. ಲೆಕ್ಕ ರಾಜ್ಯದಿಂದ ರಾಜ್ಯಕ್ಕೆ ಬೇರೆ.

ಜಗಳೂರು ಎಕ್ಸ್‌ಪ್ರೆಸ್ | ಭಾನುವಾರ ರಾತ್ರಿ 10:14

ನಾವು ನಿಂಬೆಹಣ್ಣನ್ನ ಗಾಲಿ ಕೆಳಗೆ ಇಡ್ತೀವಿ, ಅವರು ನಿಂಬೆಹಣ್ಣಿಗೇ ಗಾಲಿ ಹಾಕಿ ಮಾರ್ತಾರೆ 😂

ವಕೀಲಮ್ಮ | ಭಾನುವಾರ ರಾತ್ರಿ 10:47

ನಾನು ಚಿತ್ರದುರ್ಗದಲ್ಲಿ ಪ್ರಾಕ್ಟೀಸ್ ಮಾಡ್ತೀನಿ. ಗ್ರಾಹಕರ ಕೇಸುಗಳನ್ನೂ ನಡೆಸಿದ್ದೀನಿ. ಗೊತ್ತಿರುವಷ್ಟು ಹೇಳ್ತೀನಿ.

ಭಾರತದಲ್ಲಿ ವಾಹನಕ್ಕೇ ಅಂತ ಲೆಮನ್ ಲಾ ಇಲ್ಲ. "ಮೂರು ಸಲ ಕೆಟ್ಟರೆ ಬದಲಿ ಗಾಡಿ" ಅಂತ ವಾಟ್ಸಾಪಲ್ಲಿ ಓಡಾಡುತ್ತಲ್ಲ, ಅದನ್ನ ನಂಬಬೇಡಿ. ನಮಗೆ ಇರೋದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. 1986ರ ಹಳೇ ಕಾಯ್ದೆಯ ಜಾಗಕ್ಕೆ ಬಂದಿದ್ದು, 2020ರ ಜುಲೈನಿಂದ ಜಾರಿಯಲ್ಲಿದೆ. ಅದರಲ್ಲಿ ಜಿಲ್ಲಾ ಗ್ರಾಹಕ ಆಯೋಗಕ್ಕೆ (ಜನ ಗ್ರಾಹಕ ಕೋರ್ಟು ಅನ್ನೋದು ಇದಕ್ಕೇ) ಒಳ್ಳೇ ಅಧಿಕಾರವೇ ಇದೆ. ದೋಷ ಸರಿಪಡಿಸಿ ಅನ್ನಬಹುದು, ಅದೇ ಥರದ ದೋಷವಿಲ್ಲದ ಹೊಸ ಗಾಡಿ ಕೊಡಿ ಅನ್ನಬಹುದು, ಬಡ್ಡಿ ಸಮೇತ ದುಡ್ಡು ವಾಪಸ್ ಕೊಡಿ ಅನ್ನಬಹುದು. ಮೇಲೆ ಪರಿಹಾರ, ಕೇಸಿನ ಖರ್ಚು.

ವಾರಂಟಿ ಪುಸ್ತಕದಲ್ಲಿ "ಪಾರ್ಟ್ ಬದಲಿಸಿ ಕೊಡುವುದಷ್ಟೇ ನಮ್ಮ ಹೊಣೆ" ಅಂತ ಅಚ್ಚು ಹಾಕಿರ್ತಾರೆ. ಅದನ್ನ ಓದಿ ಹೆದರಬೇಡಿ. ಅಷ್ಟು ಬರೆದಿದ್ದಾರೆ ಅಂತ ಆಯೋಗದ ಬಾಗಿಲು ಮುಚ್ಚಲ್ಲ.

ಆದರೆ "ಕೊಡಬಹುದು" ಬೇರೆ, "ಕೊಡ್ತಾರೆ" ಬೇರೆ. ಹದಡಿ ರೋಡ್ ಅವರೇ, ಒಂದು ಪ್ರಶ್ನೆ. ನಾಲ್ಕು ಸಲದ ಜಾಬ್ ಕಾರ್ಡಲ್ಲಿ, ಅಂದ್ರೆ ಗಾಡಿ ಬಿಡುವಾಗ ಸರ್ವಿಸ್ ಸೆಂಟರಿನವರು ದೂರು ಬರೆದುಕೊಳ್ಳೋ ಹಾಳೆಯಲ್ಲಿ, ಏನು ಬರೆದಿದೆ? ತೆಗೆದು ನೋಡಿ ಹೇಳಿ.

ಹದಡಿ ರೋಡ್ | ಭಾನುವಾರ ರಾತ್ರಿ 11:05

ಈಗ ನೋಡಿದೆ ಮೇಡಂ. ಮೊದಲನೇದು "ಜನರಲ್ ಚೆಕಪ್". ಎರಡನೇದು "ಫಸ್ಟ್ ಫ್ರೀ ಸರ್ವಿಸ್". ಮೂರನೇದು "ಪಿಕಪ್ ಲೋ". ನಾಲ್ಕನೇದು ಮತ್ತೆ "ಜನರಲ್ ಚೆಕಪ್, ವಾಷಿಂಗ್". ಎಂಜಿನ್ ಆಫ್ ಆಗ್ತಿದೆ ಅಂತ ಒಂದರಲ್ಲೂ ಇಲ್ಲ. ನಾಲ್ಕಕ್ಕೂ ಕೆಳಗೆ ನನ್ನದೇ ಸಹಿ.

ವಕೀಲಮ್ಮ | ಭಾನುವಾರ ರಾತ್ರಿ 11:09

ಇದೇ ಭಯ ಇತ್ತು. ಕಾಗದದ ಪ್ರಕಾರ ನಿಮ್ಮ ಕಾರು ಇವತ್ತಿನವರೆಗೆ ಒಂದು ಸಲವೂ ನಿಂತಿಲ್ಲ.

ಗ್ಯಾರೇಜ್ ಮಾವ | ಸೋಮವಾರ ಬೆಳಿಗ್ಗೆ 6:30

ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಮೊದಲು ಕಂಪನಿ ವರ್ಕ್‌ಶಾಪ್, ಈಗ ಸ್ವಂತ ಗ್ಯಾರೇಜ್. ಬಿಸಿಯಾದಾಗ ನಿಲ್ಲೋದು, ತಣ್ಣಗಾದ ಮೇಲೆ ಸ್ಟಾರ್ಟ್ ಆಗೋದು ಅಂದ್ರೆ ನನ್ನ ಅನುಮಾನ ಮೊದಲು ಕ್ರ್ಯಾಂಕ್ ಸೆನ್ಸರ್ ಮೇಲೆ, ಆಮೇಲೆ ಫ್ಯೂಯಲ್ ಪಂಪ್, ವೈರಿಂಗ್ ಕಪ್ಲರ್. ಕ್ರ್ಯಾಂಕ್ ಸೆನ್ಸರ್ ಸಿಗ್ನಲ್ ತಪ್ಪಿತು ಅಂದ್ರೆ ಎಂಜಿನ್ ತಿರುಗ್ತಿದೆಯೋ ಇಲ್ವೋ ಅಂತ ಕಂಪ್ಯೂಟರಿಗೆ ಗೊತ್ತಾಗಲ್ಲ. ಪೆಟ್ರೋಲ್ ಬಿಡೋದು ನಿಲ್ಲಿಸುತ್ತೆ. ಗಾಡಿ ಬಂದ್.

ನೀವು ಸಂಜೆ ಗಾಡಿ ಬಿಟ್ಟು ಬರ್ತೀರಿ. ಅವರು ಬೆಳಿಗ್ಗೆ ತಣ್ಣನೆ ಎಂಜಿನ್ನಲ್ಲಿ ಎರಡು ಕಿಲೋಮೀಟರ್ ಹೊಡೀತಾರೆ. ಎಲ್ಲಿ ಕಾಣಬೇಕು? ದುರ್ಗದ ತನಕ ಹೋಗಿ ಬರಲಿ ಒಂದು ಸಲ, ಎಸಿ ಹಾಕಿಕೊಂಡು, ಮಧ್ಯಾಹ್ನ.

ಇನ್ನೊಂದು ವಿಷಯ. ಸ್ಕ್ಯಾನರ್ ಹಾಕಿದಾಗ ಕೋಡ್ ಬರುತ್ತೆ, ಕ್ರ್ಯಾಂಕ್ ಸೆನ್ಸರ್ ಆದರೆ ಪಿ0335 ಆ ಥರ. ಅದರ ಜೊತೆ ಫ್ರೀಜ್ ಫ್ರೇಮ್ ಅಂತ ಇರುತ್ತೆ. ದೋಷ ಬಿದ್ದ ಗಳಿಗೆಯಲ್ಲಿ ಸ್ಪೀಡ್ ಎಷ್ಟು, ಆರ್‌ಪಿಎಂ ಎಷ್ಟು, ಎಂಜಿನ್ ಬಿಸಿ ಎಷ್ಟು, ಎಲ್ಲಾ ಅದರಲ್ಲಿ ಉಳಿದಿರುತ್ತೆ. ಹುಡುಗರು ಮಾಡೋ ಮೊದಲ ಕೆಲಸ ಏನು ಗೊತ್ತಾ, ಕೋಡ್ ಕ್ಲಿಯರ್ ಒತ್ತೋದು. ಸಾಕ್ಷಿ ಹೋಯ್ತು. ಕ್ಲಿಯರ್ ಮಾಡೋ ಮುಂಚೆ ರಿಪೋರ್ಟ್ ಪ್ರಿಂಟ್ ಕೊಡಿ ಅಂತ ಹಠ ಹಿಡಿದು ಎದುರಿಗೆ ನಿಂತುಕೊಳ್ಳಿ.

ಮೆಕ್ಕೆಜೋಳ | ಸೋಮವಾರ ಬೆಳಿಗ್ಗೆ 8:15

ಏನ್ರಿ ಸೆನ್ಸರ್ ಗಿನ್ಸರ್. ಎಲ್ಲಾ ಇ20, ಅದೇ 20 ಪರ್ಸೆಂಟ್ ಎಥೆನಾಲ್ ಬೆರೆಸಿದ ಪೆಟ್ರೋಲ್ ಮಹಿಮೆ. ನನ್ನ ಹಳೇ ಬೈಕ್ ಮೈಲೇಜ್ ಹೋಗಿಬಿಟ್ಟಿದೆ.

ಗ್ಯಾರೇಜ್ ಮಾವ | ಸೋಮವಾರ ಬೆಳಿಗ್ಗೆ 8:20

2023ರ ಏಪ್ರಿಲ್ ಆದ ಮೇಲೆ ತಯಾರಾದ ಗಾಡಿಗಳು ಇ20ಗೆ ಹೊಂದೋ ಹಾಗೇ ಬರ್ತಿವೆ. ಇವರದು ಹೊಸ ಗಾಡಿ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ನಿಮ್ಮ ಬೈಕ್ ವಿಷಯ ಬೇರೆ.

ಜಗಳೂರು ಎಕ್ಸ್‌ಪ್ರೆಸ್ | ಸೋಮವಾರ ಬೆಳಿಗ್ಗೆ 8:26

@ಮೆಕ್ಕೆಜೋಳ, ಆ ಎಥೆನಾಲ್ ಮಾಡೋಕೆ ಜೋಳ ಮಾರಿದವರು ನೀವೇ ಅಲ್ವಾ ಸ್ವಾಮಿ?

ಮೆಕ್ಕೆಜೋಳ | ಸೋಮವಾರ ಬೆಳಿಗ್ಗೆ 8:31

ಮಾರಿದ್ದು ನಿಜ. ರೇಟು ಸಿಕ್ಕಿದ್ದು ಸುಳ್ಳು.

ವಿದ್ಯಾನಗರ ಲಾಸ್ಟ್ ಸ್ಟಾಪ್ | ಸೋಮವಾರ ಬೆಳಿಗ್ಗೆ 9:40

ನಗಬೇಡಿ. ನಮ್ಮ ಚಿಕ್ಕಪ್ಪನ ಗಾಡಿಗೆ "ಕಲಬೆರಕೆ ಪೆಟ್ರೋಲ್ ಹಾಕಿಸಿದ್ದೀರಿ, ವಾರಂಟಿ ಬರಲ್ಲ" ಅಂತಾನೇ ಹೇಳಿದ್ರು. ಇಂಜೆಕ್ಟರ್ ಬಿಲ್ ಅವರ ತಲೆ ಮೇಲೆ. ಅದಕ್ಕೆ ಪೆಟ್ರೋಲ್ ಹಾಕಿಸಿದ ಬಿಲ್ ಇಟ್ಟುಕೊಳ್ಳಿ. ಆದಷ್ಟೂ ಒಂದೇ ಬಂಕ್‌ನಲ್ಲಿ ಹಾಕಿಸಿ. ಸಣ್ಣ ವಿಷಯ, ಆದರೆ ಅವರು ಮೊದಲು ತೆಗೆಯೋ ನೆಪ ಇದೇ.

ಚಪ್ಪಲಿ ಸವೆದವನು | ಸೋಮವಾರ ಬೆಳಿಗ್ಗೆ 11:02

ಅನುಭವದಿಂದ ಹೇಳ್ತೀನಿ, ಬಿಟ್ಟುಬಿಡಿ. ನನ್ನ ಡೀಸೆಲ್ ಗಾಡಿಗೂ ಹೀಗೇ ಆಗಿತ್ತು, ಕ್ಲಚ್ಚಿಂದು. ಕೇಸು ಹಾಕಿದೆ. ಕಾಯ್ದೆಯಲ್ಲಿ ಮೂರು ತಿಂಗಳಲ್ಲಿ ತೀರ್ಮಾನ, ಟೆಸ್ಟಿಂಗ್ ಇದ್ದರೆ ಐದು ತಿಂಗಳು ಅಂತ ಬರೆದಿದೆ. ನನ್ನದು ಎರಡು ವರ್ಷ ಎಂಟು ತಿಂಗಳು ಹಿಡಿಯಿತು. ಮಧ್ಯೆ ಆಯೋಗದಲ್ಲಿ ಮೆಂಬರ್ ಇಲ್ಲ ಅಂತ ಸ್ವಲ್ಪ ದಿನ, ಅವರ ಲಾಯರ್‌ಗೆ ಹುಷಾರಿಲ್ಲ ಅಂತ ಸ್ವಲ್ಪ ದಿನ. ಕೊನೆಗೆ ಬಂದಿದ್ದು ಏನು? ಕ್ಲಚ್ ಸೆಟ್ ಉಚಿತವಾಗಿ ಬದಲಿಸಿ, 25 ಸಾವಿರ ಪರಿಹಾರ, 5 ಸಾವಿರ ಖರ್ಚು. ಅಷ್ಟರಲ್ಲಿ ಗಾಡಿ ಮಾರಿ ಆಗಿತ್ತು. ಗೆದ್ದವ ಸೋತ, ಸೋತವ ಸತ್ತ ಅಂತ ಹಿರಿಯರು ಸುಮ್ನೆ ಹೇಳಿಲ್ಲ.

ಕೋಟೆ ಕೆಎ16 | ಸೋಮವಾರ ಬೆಳಿಗ್ಗೆ 11:20

ಹಾಗಂತ ಎಲ್ಲರೂ ಸುಮ್ನಿದ್ರೆ ಹೇಗೆ? 2024ರಲ್ಲಿ ಸುಪ್ರೀಂ ಕೋರ್ಟು ಬಿಎಂಡಬ್ಲ್ಯೂ ಕಂಪನಿಗೆ 50 ಲಕ್ಷ ಕೊಡು ಅಂತ ಹೇಳಲಿಲ್ವಾ? ಗ್ರಾಹಕ ಕೋರ್ಟಿಗೆ ಹೋಗಿದ್ದಕ್ಕೇ ತಾನೇ ಸಿಕ್ಕಿದ್ದು?

ವಕೀಲಮ್ಮ | ಸೋಮವಾರ ಮಧ್ಯಾಹ್ನ 1:35

ತಪ್ಪು. ಅದು ಗ್ರಾಹಕ ಆಯೋಗದಿಂದ ಹೋದ ಕೇಸಲ್ಲ. ಹೈದರಾಬಾದಿನ ಒಂದು ಸಂಸ್ಥೆ 2009ರ ಸೆಪ್ಟೆಂಬರಲ್ಲಿ ಕಾರು ತಗೊಂಡಿತ್ತು. ಕೆಲವೇ ದಿನದಲ್ಲಿ ದೋಷ ಬಂತು. ಅವರು ಹೋಗಿದ್ದು ಪೊಲೀಸರ ಹತ್ತಿರ, ವಂಚನೆ ಅಂತ. ಹೈಕೋರ್ಟು ಎಫ್‌ಐಆರ್ ರದ್ದು ಮಾಡಿ, ಹೊಸ ಕಾರು ಕೊಡಿ ಅಂತ ಹೇಳಿತು. ಕಂಪನಿ ಕೊಡೋಕೆ ಒಪ್ಪಿದರೂ ಇವರು ಕೇಸೇ ಬೇಕು ಅಂತ ಮುಂದೆ ಹೋದರು. ಸುಪ್ರೀಂ ಕೋರ್ಟು 2024ರ ಜುಲೈನಲ್ಲಿ ತನ್ನ ವಿಶೇಷಾಧಿಕಾರ ಬಳಸಿ 50 ಲಕ್ಷಕ್ಕೆ ಮುಗಿಸಿತು. ಹದಿನೈದು ವರ್ಷ! ಅದನ್ನ ನಮ್ಮ ಕೇಸಿಗೆ ಉದಾಹರಣೆ ಅಂತ ಹಿಡಿಯೋಕೆ ಆಗಲ್ಲ.

ನಮಗೆ ಎದುರಿಗೆ ಬರೋದು 2006ರ ಮಾರುತಿ ಉದ್ಯೋಗ್ ಕೇಸು. ಕಂಪನಿ ವಕೀಲರು ಮೊದಲ ದಿನವೇ ಅದನ್ನ ಇಡ್ತಾರೆ. ಕೆಟ್ಟ ಭಾಗ ಬದಲಿಸಿದರೆ ಸರಿಹೋಗುವಾಗ ಇಡೀ ಗಾಡಿ ಬದಲಿಸಿ ಅನ್ನೋದು ಸರಿಯಲ್ಲ ಅಂತ ಸುಪ್ರೀಂ ಕೋರ್ಟು ಅದರಲ್ಲಿ ಹೇಳಿದೆ. @ಚಪ್ಪಲಿ ಸವೆದವನು, ನಿಮಗೆ ಕ್ಲಚ್ ಸೆಟ್ಟಷ್ಟೇ ಸಿಕ್ಕಿದ್ದಕ್ಕೂ ಕಾರಣ ಅದೇ ಇರಬಹುದು. ಬದಲಿ ಗಾಡಿ ಬೇಕು ಅಂದ್ರೆ, ತಯಾರಿಕೆಯಲ್ಲೇ ದೋಷ ಇದೆ, ಎಷ್ಟು ಸಲ ರಿಪೇರಿ ಮಾಡಿದರೂ ಹೋಗ್ತಿಲ್ಲ ಅಂತ ತೋರಿಸಬೇಕು. ತೋರಿಸುವ ಹೊಣೆ ನಮ್ಮದು.

ಹಾಗಂತ ಎಲ್ಲಾ ಕಡೆ ಸೋಲು ಅಂತಲ್ಲ. ಹುಂಡೈ ಕ್ರೆಟಾ ಏರ್‌ಬ್ಯಾಗ್ ಕೇಸು ಓದಿ. 2015ರಲ್ಲಿ ತಗೊಂಡ ಕಾರು, 2017ರಲ್ಲಿ ಅಪಘಾತ, ಮುಂದಿನ ಏರ್‌ಬ್ಯಾಗ್ ತೆರೆಯಲಿಲ್ಲ. ಡಿಕ್ಕಿಯ ಬಲ ಅಷ್ಟಿರಲಿಲ್ಲ, ಇಷ್ಟಿರಲಿಲ್ಲ ಅಂತ ಕಂಪನಿ ವಾದ ಮಾಡಿತು. ಗ್ರಾಹಕ ಭೌತಶಾಸ್ತ್ರದ ಪಂಡಿತ ಆಗಿರಬೇಕಾ ಅನ್ನೋ ಧಾಟಿಯಲ್ಲಿ ಸುಪ್ರೀಂ ಕೋರ್ಟು 2022ರಲ್ಲಿ ಕೇಳಿತು. 3 ಲಕ್ಷ ಪರಿಹಾರ, ಮೇಲೆ ಬದಲಿ ಗಾಡಿ, ಎರಡನ್ನೂ ಎತ್ತಿಹಿಡಿಯಿತು.

ಬೆಣ್ಣೆ ಜಾಸ್ತಿ | ಸೋಮವಾರ ಮಧ್ಯಾಹ್ನ 1:50

ಮೇಡಂ ಇದನ್ನೆಲ್ಲಾ ಊಟದ ಟೈಮಲ್ಲಿ ಬರೀತಿದ್ದೀರಾ? ಪುಣ್ಯಾತ್ಗಿತ್ತಿ.

ಪಿಜೆ ಬಡಾವಣೆ | ಸೋಮವಾರ ಸಂಜೆ 4:12

ಒಂದು ಕೋಟಿ ತನಕ ಜಿಲ್ಲಾ ಆಯೋಗದಲ್ಲೇ ಆಗುತ್ತೆ. ದೂರು ಕೊಡೋಕೆ ಶೋರೂಂ ಇರೋ ಊರಿಗೆ ಹೋಗಬೇಕು. ನಮ್ಮ ಅಣ್ಣ ಬೆಂಗಳೂರಲ್ಲಿ ತಗೊಂಡಿದ್ದ, ಅಲ್ಲಿಗೇ ಓಡಾಡಿದ.

ವಕೀಲಮ್ಮ | ಸೋಮವಾರ ಸಂಜೆ 6:40

ಎರಡೂ ಹಳೇ ಲೆಕ್ಕ. ಕಾಯ್ದೆ ಬಂದಾಗ ಒಂದು ಕೋಟಿ ಇತ್ತು. 2021ರ ಡಿಸೆಂಬರ್ ನಿಯಮದಲ್ಲಿ ಅದನ್ನ 50 ಲಕ್ಷಕ್ಕೆ ಇಳಿಸಿದರು. 50 ಲಕ್ಷದಿಂದ 2 ಕೋಟಿವರೆಗೆ ರಾಜ್ಯ ಆಯೋಗ, ಅದರ ಮೇಲೆ ರಾಷ್ಟ್ರೀಯ ಆಯೋಗ. ಲೆಕ್ಕ ಹಿಡಿಯೋದು ಕೊಟ್ಟ ಬೆಲೆಗೆ, ಕೇಳೋ ಪರಿಹಾರಕ್ಕಲ್ಲ. ಇವರ ಕಾರಿಗೆ ಜಿಲ್ಲಾ ಆಯೋಗ ಸಾಕು. 5 ಲಕ್ಷದವರೆಗೆ ಶುಲ್ಕವೇ ಇಲ್ಲ. 10ರಿಂದ 20 ಲಕ್ಷದ ಒಳಗಿನದಕ್ಕೆ 400 ರೂಪಾಯಿ.

ಊರಿನ ವಿಷಯ: 2019ರ ಕಾಯ್ದೆ ಆದ ಮೇಲೆ ನೀವು ವಾಸ ಇರೋ ಊರಲ್ಲೇ, ಇಲ್ಲಾ ಕೆಲಸ ಮಾಡೋ ಊರಲ್ಲೇ ಹಾಕಬಹುದು. ಗಾಡಿ ಬೆಂಗಳೂರಲ್ಲೇ ತಗೊಳ್ಳಿ, ಹುಬ್ಬಳ್ಳಿಯಲ್ಲೇ ತಗೊಳ್ಳಿ, ಕೇಸು ದಾವಣಗೆರೆಯಲ್ಲಿ. ಗ್ರಾಹಕ ಆಯೋಗಗಳ ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ದೂರು ಹಾಕೋಕೂ ಬರುತ್ತೆ. ವಕೀಲರು ಇರಲೇಬೇಕು ಅಂತ ಇಲ್ಲ, ನೀವೇ ವಾದ ಮಾಡಬಹುದು. (ನಮ್ಮ ಹೊಟ್ಟೆ ಮೇಲೆ ನಾನೇ ಹೊಡ್ಕೋತಿದ್ದೀನಿ.) ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದ ಒಳಗೆ ಹಾಕಬೇಕು.

ಗೂಡ್ಸ್ ಆಟೋ ಸಿದ್ದ | ಸೋಮವಾರ ರಾತ್ರಿ 8:05

ಅಕ್ಕ, ನನ್ನದು ಗೂಡ್ಸ್ ಗಾಡಿ, ಹಳದಿ ಬೋರ್ಡು. ಹರಿಹರಕ್ಕೆ ಲೋಡ್ ಹೊಡೀತೀನಿ. ತಗೊಂಡು ಏಳು ತಿಂಗಳಿಗೆ ಚಾಸಿಸ್ ಕ್ರ್ಯಾಕ್ ಬಂದಿದೆ. ಕಮರ್ಷಿಯಲ್ ಗಾಡಿಗೆ ಗ್ರಾಹಕ ಕಾನೂನು ಬರಲ್ಲ ಅಂತ ಡೀಲರ್ ಹೇಳ್ತಾನೆ. ಹೌದಾ?

ವಕೀಲಮ್ಮ | ಸೋಮವಾರ ರಾತ್ರಿ 8:30

ಅರ್ಧ ನಿಜ ಹೇಳಿ ಓಡಿಸೋದು ಅಂದ್ರೆ ಇದೇ. ವ್ಯಾಪಾರಕ್ಕೆ ಅಂತ ತಗೊಂಡವರು ಗ್ರಾಹಕರಲ್ಲ ಅಂತ ಇದೆ. ಅದೇ ಕಲಮಿನ ಕೆಳಗೆ ವಿವರಣೆಯೂ ಇದೆ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯೋಕೆ ತಗೊಂಡಿದ್ದರೆ ಅದು ಕಮರ್ಷಿಯಲ್ ಅಂತ ಅಲ್ಲ. ನೀನೇ ಓಡಿಸ್ತೀಯಲ್ವಾ? ಹತ್ತು ಗಾಡಿ ಇಟ್ಟು ಡ್ರೈವರ್ ಹಾಕಿಲ್ಲ ತಾನೇ? ಹಾಗಾದ್ರೆ ನೀನು ಗ್ರಾಹಕನೇ. ದೂರಿನಲ್ಲಿ "ಜೀವನೋಪಾಯಕ್ಕೆ ನಾನೇ ಓಡಿಸುತ್ತೇನೆ" ಅನ್ನೋ ಮಾತು ಬರೆಯೋದು ಮರೀಬೇಡ. ಲೋಡ್ ಬಿಲ್ಲುಗಳನ್ನೂ ಇಟ್ಟುಕೋ, ಓವರ್‌ಲೋಡ್ ಅಂತ ಅಂದೇ ಅಂತಾರೆ.

ಗೂಡ್ಸ್ ಆಟೋ ಸಿದ್ದ | ಸೋಮವಾರ ರಾತ್ರಿ 8:33

ಓವರ್‌ಲೋಡ್ ಸ್ವಲ್ಪ ಹಾಕಿದ್ದೀನಿ ಅಕ್ಕ 😐

ವಕೀಲಮ್ಮ | ಸೋಮವಾರ ರಾತ್ರಿ 8:34

ಇದನ್ನ ಇಲ್ಲಿ ಬರೀಬಾರದಿತ್ತು.

ನೀರ್ಥಡಿ ಟೀಚರ್ | ಸೋಮವಾರ ರಾತ್ರಿ 9:15

ನನ್ನ ಕಥೆ ಬೇರೆ ಥರ. ನನಗೆ ಹೊಸದು ಅಂತ ಕೊಟ್ಟ ಕಾರೇ ಹೊಸದಲ್ಲ. ಬಿಸಿಲಲ್ಲಿ ನಿಲ್ಲಿಸಿದಾಗ ಬಲಗಡೆ ಹಿಂದಿನ ಬಾಗಿಲ ಬಣ್ಣ ಒಂದು ಚೂರು ಬೇರೆ ಕಾಣೋದು. ರಬ್ಬರ್ ಬೀಡಿಂಗ್ ಎತ್ತಿ ನೋಡಿದೆ. ಒಳಗೆ ಟೇಪ್ ಅಂಟಿಸಿ ಸ್ಪ್ರೇ ಹೊಡೆದ ಗೆರೆ, ಉಗುರಲ್ಲಿ ಕೆರೆದರೆ ಸಿಗುತ್ತೆ. ಯಾರ್ಡಲ್ಲೋ ದಾರಿಯಲ್ಲೋ ತಾಗಿಸಿಕೊಂಡಿದ್ದನ್ನ ರಿಪೇರಿ ಮಾಡಿ ನನ್ನ ತಲೆಗೆ ಕಟ್ಟಿದ್ದಾರೆ. ಕೇಳಿದರೆ "ಫ್ಯಾಕ್ಟರಿ ಫಿನಿಷ್ ಮೇಡಂ". ಬಣ್ಣದ ದಪ್ಪ ಅಳೆಯೋ ಮೀಟರ್ ಇಟ್ಟಾಗ ಆ ಬಾಗಿಲಲ್ಲಿ ಮಾತ್ರ ದುಪ್ಪಟ್ಟು ಬಂತು. ಆಮೇಲೆ ಬಾಯಿ ಬಂದ್. ನೋಟಿಸ್ ಕೊಟ್ಟ ಮೇಲೆ 60 ಸಾವಿರ ಮತ್ತು ಎರಡು ವರ್ಷ ಹೆಚ್ಚುವರಿ ವಾರಂಟಿಗೆ ರಾಜಿ ಮಾಡಿಕೊಂಡೆ. ಬೇಕಿದ್ದರೆ ಬೈರಿ. ಶಾಲೆ ಬಿಟ್ಟು ಓಡಾಡೋಕೆ ನನ್ನಿಂದ ಆಗ್ತಿರಲಿಲ್ಲ.

@ಬೆಣ್ಣೆ ಜಾಸ್ತಿ, ನೀವು ತಗೋತೀರಿ ಅಂದ್ರಲ್ಲ. ರಿಜಿಸ್ಟ್ರೇಷನ್ ಆಗೋ ಮುಂಚೆ, ಪೂರ್ತಿ ದುಡ್ಡು ಕಟ್ಟೋ ಮುಂಚೆ, ಹಗಲು ಹೊತ್ತಲ್ಲಿ ಹೋಗಿ ನೋಡಿ. ಚಾಸಿಸ್ ನಂಬರು, ತಯಾರಾದ ತಿಂಗಳು, ಫಾರಂ 22 (ಗಾಡಿ ರಸ್ತೆಗೆ ಯೋಗ್ಯ ಅಂತ ಕಂಪನಿ ಕೊಡೋ ಪತ್ರ) ಮೂರೂ ತಾಳೆ ಹಾಕಿ. ಮೀಟರಲ್ಲಿ ಎಷ್ಟು ಕಿಲೋಮೀಟರ್ ಓಡಿದೆ ಅಂತ ಫೋಟೋ ತೆಗೀರಿ. ಟೈರಿನ ಪಕ್ಕದಲ್ಲಿ ನಾಲ್ಕಂಕಿ ಇರುತ್ತೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಐದೂ ಟೈರು ನೋಡಿ, ಸ್ಟೆಪ್ನಿ ಸೇರಿ.

ವಕೀಲಮ್ಮ | ಸೋಮವಾರ ರಾತ್ರಿ 9:40

ಟೀಚರ್ ಹೇಳಿದ್ದಕ್ಕೆ ಒಂದು ಮಾತು ಸೇರಿಸ್ತೀನಿ. ದೂರಲ್ಲಿ ಡೀಲರ್, ತಯಾರಕ ಕಂಪನಿ ಇಬ್ಬರನ್ನೂ ಸೇರಿಸಿ. ಯಾರು ಏನು ತಪ್ಪು ಮಾಡಿದ್ದಾರೆ ಅಂತ ಬೇರೆ ಬೇರೆ ಬರೀರಿ. ಗೋವಾದ ಟಾಟಾ ಮೋಟಾರ್ಸ್ ಕೇಸಲ್ಲಿ 2011ರ ಮಾಡೆಲ್ ಅಂತ ದುಡ್ಡು ತಗೊಂಡು 2009ರ ಕಾರು ಕೊಟ್ಟಿದ್ದರು. 2021ರಲ್ಲಿ ಸುಪ್ರೀಂ ಕೋರ್ಟು ಕಂಪನಿಯನ್ನ ಬಿಟ್ಟಿತು, ಹೊಣೆ ಡೀಲರ್ ಮೇಲೇ ಉಳಿಯಿತು. ಕಂಪನಿ ಮತ್ತು ಡೀಲರ್ ನಡುವಿನ ಒಪ್ಪಂದವೇ ಹಾಗಿತ್ತು, ಕಂಪನಿಯ ಪಾತ್ರ ಏನು ಅಂತ ದೂರಲ್ಲೂ ಇರಲಿಲ್ಲ. ಎಂಜಿನ್ ದೋಷಕ್ಕೆ ಕಂಪನಿ, ಮುಚ್ಚಿಟ್ಟು ಮಾರಿದ್ದಕ್ಕೆ ಡೀಲರ್. ಇಬ್ಬರೂ ಒಬ್ಬರ ಮೇಲೊಬ್ಬರು ಹಾಕ್ತಾರೆ, ಹಾಕಲಿ.

ಚಳ್ಳಕೆರೆ ಶೇಂಗಾ | ಸೋಮವಾರ ರಾತ್ರಿ 10:02

ಕಾನೂನು ಗೀನೂನು ಬಿಡ್ರಿ. ನಾಲ್ಕು ಕತ್ತೆ ತಂದು ಕಾರಿಗೆ ಕಟ್ಟಿ ಶೋರೂಂ ಮುಂದೆ ಎಳೆಸ್ರಿ. ಟಿವಿಯವರು ತಾನಾಗೇ ಬರ್ತಾರೆ. ಮರುದಿನವೇ ಹೊಸ ಗಾಡಿ.

ಜಗಳೂರು ಎಕ್ಸ್‌ಪ್ರೆಸ್ | ಸೋಮವಾರ ರಾತ್ರಿ 10:06

ದಾವಣಗೆರೆಯಲ್ಲಿ ಈಗ ನಾಲ್ಕು ಕತ್ತೆ ಎಲ್ಲಿ ಸಿಗ್ತವೆ? ಬಾಡಿಗೆ ಕಾರಿಗಿಂತ ದುಬಾರಿ ಆಗುತ್ತೆ.

ವಿದ್ಯಾನಗರ ಲಾಸ್ಟ್ ಸ್ಟಾಪ್ | ಸೋಮವಾರ ರಾತ್ರಿ 10:20

ಕತ್ತೆ ತನಕ ಸರಿ. 2024ರಲ್ಲಿ ಕಲಬುರಗಿಯಲ್ಲಿ ಒಬ್ಬ ಹುಡುಗ ಎಲೆಕ್ಟ್ರಿಕ್ ಸ್ಕೂಟರ್ ಸರಿ ಮಾಡಿಕೊಡಲಿಲ್ಲ ಅಂತ ಶೋರೂಂಗೇ ಬೆಂಕಿ ಇಟ್ಟ. ಸ್ಕೂಟರೂ ಹೋಯ್ತು, ಅವನೂ ಒಳಗೆ ಹೋದ. ಸಿಟ್ಟು ಅರ್ಥ ಆಗುತ್ತೆ, ಆದರೆ ಬೇಡಪ್ಪ.

ಬ್ಯಾಂಕ್ ಕಿಟಕಿ | ಮಂಗಳವಾರ ಬೆಳಿಗ್ಗೆ 8:50

ಇನ್ನೊಂದು ತಪ್ಪು ಮಾಡೋರಿದ್ದಾರೆ. ಗಾಡಿ ಕೆಟ್ಟಿದೆ ಅಂತ ಇಎಂಐ ನಿಲ್ಲಿಸಿಬಿಡ್ತಾರೆ. ಬ್ಯಾಂಕಿಗೆ ನಿಮ್ಮ ಎಂಜಿನ್ ನಿಂತರೇನು ಓಡಿದರೇನು, ಸಾಲದ ಒಪ್ಪಂದವೇ ಬೇರೆ. ಮೂರು ಕಂತು ತಪ್ಪಿದರೆ ಸಿಬಿಲ್ ಹಾಳು, ಗಾಡಿ ಎತ್ತಿಕೊಂಡು ಹೋದರೆ ಸಾಕ್ಷಿಯೇ ಕೈತಪ್ಪಿತು. ಕಟ್ಟುತ್ತಾ ಇರಿ. ಕಟ್ಟಿದ ಬಡ್ಡಿಯನ್ನ ಪರಿಹಾರದಲ್ಲಿ ಕೇಳಿ. ಲೈಫ್ ಟ್ಯಾಕ್ಸನ್ನೂ ಕೇಳಿ. ನಮ್ಮ ರಾಜ್ಯದಲ್ಲಿ 10ರಿಂದ 20 ಲಕ್ಷದ ಒಳಗಿನ ಕಾರಿಗೆ 17 ಪರ್ಸೆಂಟ್, ಮೇಲೆ ಸೆಸ್. ಶೋರೂಂ ಬೆಲೆ ಮಾತ್ರ ವಾಪಸ್ ಬಂದರೆ ಎರಡು ಲಕ್ಷದ ಮೇಲೆ ನಿಮ್ಮ ಕೈಯಿಂದಲೇ ಹೋಗುತ್ತೆ.

ಯುಬಿಡಿಟಿ ಹಳೇ ಬ್ಯಾಚ್ | ಮಂಗಳವಾರ ಬೆಳಿಗ್ಗೆ 10:30

ತಜ್ಞರ ವರದಿ ಬಗ್ಗೆ ಯಾರೂ ಹೇಳಲಿಲ್ಲ. ಗ್ರಾಹಕ ಕಾಯ್ದೆಯ ಸೆಕ್ಷನ್ 38ರಲ್ಲಿ ಪರೀಕ್ಷೆ ಮಾಡಿಸದೆ ದೋಷ ಗೊತ್ತಾಗಲ್ಲ ಅಂದ್ರೆ ಲ್ಯಾಬಿಗೆ ಕಳಿಸಬೇಕು ಅಂತ ಇದೆ. ಕಾರನ್ನ ಕೊರಿಯರ್ ಮಾಡೋಕೆ ಆಗುತ್ತಾ! ಅದಕ್ಕೇ ಒಬ್ಬ ತಜ್ಞರನ್ನ ನೇಮಿಸಿ ಅಂತ ಆಯೋಗದ ಎದುರೇ ಅರ್ಜಿ ಹಾಕಬೇಕು. ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್ ಪ್ರೊಫೆಸರು, ಇಲ್ಲಾ ಆರ್‌ಟಿಒದ ಬ್ರೇಕ್ ಇನ್ಸ್‌ಪೆಕ್ಟರು. ಶುಲ್ಕ ಮೊದಲು ನೀವೇ ಕಟ್ಟಬೇಕು. ಖಾಸಗಿ ಮೆಕ್ಯಾನಿಕ್ ಹತ್ತಿರ ಬರೆಸಿದ ಚೀಟಿಗೆ ಅಷ್ಟು ತೂಕ ಬರಲ್ಲ, ಗ್ಯಾರೇಜ್ ಮಾವ ಬೇಜಾರಾಗಬಾರದು.

ಗ್ಯಾರೇಜ್ ಮಾವ | ಮಂಗಳವಾರ ಬೆಳಿಗ್ಗೆ 10:41

ಬೇಜಾರು ಏನಿಲ್ಲ. ಪ್ರೊಫೆಸರ್ ಬಂದರೆ ಬಾನೆಟ್ ತೆಗೆದು ಕೊಡೋಕೆ ನನ್ನನ್ನೇ ಕರೀತಾರೆ.

ಕೋಟೆ ಕೆಎ16 | ಮಂಗಳವಾರ ಮಧ್ಯಾಹ್ನ 12:15

ರೀಕಾಲ್ ಅಂತ ಬರುತ್ತಲ್ಲ, ದೋಷ ಇರೋ ಗಾಡಿಗಳನ್ನ ಕಂಪನಿಯೇ ವಾಪಸ್ ಕರೆದು ಸರಿ ಮಾಡಿಕೊಡೋದು, ಅದನ್ನೂ ನೋಡಿ. ಇದೇ ದೋಷ ಬೇರೆಯವರಿಗೂ ಇರಬಹುದು. 2020ರ ಜುಲೈನಲ್ಲಿ ಮಾರುತಿ ಫ್ಯೂಯಲ್ ಪಂಪ್ ವಿಷಯಕ್ಕೇ 1,34,885 ವ್ಯಾಗನ್ಆರ್, ಬಲೆನೋ ವಾಪಸ್ ಕರೆದಿತ್ತು. 2021ರ ಏಪ್ರಿಲ್‌ನಿಂದ ಸರ್ಕಾರವೇ ರೀಕಾಲ್ ಮಾಡಿಸೋಕೆ ನಿಯಮ ಬಂದಿದೆ. ಏಳು ವರ್ಷದ ಒಳಗಿನ ಗಾಡಿಗೆ, ಸುರಕ್ಷತೆಯ ದೋಷ ಇದ್ದರೆ. ವಾಹನ್ ಪೋರ್ಟಲ್‌ನಲ್ಲಿ ಮಾಲೀಕರು ದೂರು ಹಾಕಬಹುದು. ಒಂದು ಮಟ್ಟ ದಾಟಿದಷ್ಟು ದೂರು ಬಂದರೆ ಕಂಪನಿಗೆ ಬಿಸಿ ತಟ್ಟುತ್ತೆ, ದಂಡ ಒಂದು ಕೋಟಿ ತನಕ ಇದೆ.

ಚಪ್ಪಲಿ ಸವೆದವನು | ಮಂಗಳವಾರ ಮಧ್ಯಾಹ್ನ 12:30

ದೂರು ಹಾಕಿದ ಒಬ್ಬನಿಗೆ ಅದರಿಂದ ಹೊಸ ಕಾರು ಬರಲ್ಲ.

ಕೋಟೆ ಕೆಎ16 | ಮಂಗಳವಾರ ಮಧ್ಯಾಹ್ನ 12:33

ಬರಲ್ಲ. ಆದರೆ ನಿಮ್ಮ ಡ್ರೈವಿಂಗ್ ಸ್ಟೈಲ್ ಅನ್ನೋ ಬಾಯಿ ಮುಚ್ಚುತ್ತೆ.

ನೀರ್ಥಡಿ ಟೀಚರ್ | ಮಂಗಳವಾರ ಸಂಜೆ 5:50

1915ಕ್ಕೂ ಒಂದು ಫೋನ್ ಮಾಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡ್ತಾರೆ. ಅವರಿಗೆ ಆದೇಶ ಕೊಡೋ ಅಧಿಕಾರ ಇಲ್ಲ. ಆದರೆ ದೂರಿನ ನಂಬರ್ ಸಿಗುತ್ತೆ, ಕಂಪನಿಯ ಮೇಲಿನವರಿಗೆ ಹೋಗುತ್ತೆ. ನನಗೆ ಮೂರು ತಿಂಗಳು ಫೋನ್ ಎತ್ತದ ಏರಿಯಾ ಮ್ಯಾನೇಜರ್ ಐದನೇ ದಿನ ತಾನಾಗೇ ಫೋನ್ ಮಾಡಿದ.

ಹದಡಿ ರೋಡ್ | ಶನಿವಾರ ರಾತ್ರಿ 8:20

ಇವತ್ತು ಹೋಗಿದ್ದೆ. ಎಲ್ಲರೂ ಹೇಳಿದ್ದನ್ನ ಒಂದು ಹಾಳೆಯಲ್ಲಿ ಬರೆದುಕೊಂಡಿದ್ದೆ.

ಮಧ್ಯಾಹ್ನ ಎರಡಕ್ಕೆ ಹೊರಟೆ. ಎಸಿ ಹಾಕಿಕೊಂಡು ದುರ್ಗದ ಕಡೆ ಹೋಗಿ ವಾಪಸ್ ಬಂದೆ, ಪಕ್ಕದಲ್ಲಿ ತಮ್ಮ ಮೊಬೈಲ್ ಹಿಡಿದು ಕೂತಿದ್ದ. ಹೆಬ್ಬಾಳು ಟೋಲ್ ದಾಟಿ ಸ್ವಲ್ಪ ದೂರ ಬರುತ್ತಿದ್ದ ಹಾಗೆ ನಿಂತಿತು. ಜೀವನದಲ್ಲಿ ಮೊದಲ ಸಲ ಗಾಡಿ ಕೆಟ್ಟಿದ್ದಕ್ಕೆ ಖುಷಿ ಆಯ್ತು. ವಿಡಿಯೋದಲ್ಲಿ ಮೀಟರ್, ಲೈಟುಗಳು, ಟೈಮ್ ಎಲ್ಲಾ ಬಂದಿದೆ. ಕೋಡ್ ಅಳಿಸಿಹೋಗದಿರಲಿ ಅಂತ ಬ್ಯಾಟರಿ ತೆಗೆಯದೆ, ಅಲ್ಲಿಂದ ನೇರ ಸರ್ವಿಸ್ ಸೆಂಟರ್.

ಅಡ್ವೈಸರ್ ಹುಡುಗ ಎಂದಿನ ಹಾಗೆ "ಜನರಲ್ ಚೆಕಪ್" ಅಂತ ಟೈಪ್ ಮಾಡಿದ. ನಾನು "ಓಡುವಾಗ ಎಂಜಿನ್ ತಾನಾಗಿ ಬಂದ್ ಆಗುತ್ತಿದೆ, ಇದು ಆರನೇ ಸಲ, ಹಿಂದಿನ ನಾಲ್ಕು ಭೇಟಿಯಲ್ಲೂ ಇದನ್ನೇ ಹೇಳಿದ್ದೇನೆ" ಅಂತ ಬರಿ ಅಂದೆ. ಸಿಸ್ಟಂನಲ್ಲಿ ಅಷ್ಟು ಜಾಗ ಇಲ್ಲ ಸರ್ ಅಂದ. ಜಾಗ ಇಲ್ಲದಿದ್ದರೆ ಕೈಯಲ್ಲಿ ಬರಿ ಅಂದೆ. ಮ್ಯಾನೇಜರ್ ಬಂದ. ಸುಮಾರು ಮುಕ್ಕಾಲು ಗಂಟೆ ಎಳೆದಾಡಿದರು. ಕೊನೆಗೆ ಬರೆದರು, ಸೀಲ್ ಹಾಕಿದರು. ಸ್ಕ್ಯಾನ್ ರಿಪೋರ್ಟ್ ಕೂಡ ಪ್ರಿಂಟ್ ಆಯ್ತು. ಮಾವ, ನೀವು ಹೇಳಿದ ಕೋಡೇ. ಪಿ0335. ಸ್ಪೀಡ್ 74.

ಗಾಡಿ ಅಲ್ಲೇ ಬಿಟ್ಟು ಬಂದಿದ್ದೀನಿ. ಸೆನ್ಸರ್ ಹಾಕ್ತಾರಂತೆ. ಹಾಕಿದ ಮೇಲೆ ಸರಿಹೋದರೆ ಏನು ಮಾಡಲಿ ಅನ್ನೋದೇ ಈಗ ಗೊಂದಲ. ಅಮ್ಮ ಆ ಕಾರು ಹತ್ತಲ್ಲ ಅಂತಿದ್ದಾರೆ.

ಗ್ಯಾರೇಜ್ ಮಾವ | ಶನಿವಾರ ರಾತ್ರಿ 8:31

ತೆಗೆದ ಹಳೇ ಸೆನ್ಸರ್ ಫೋಟೋ ತಗೋ, ಪಾರ್ಟ್ ನಂಬರ್ ಕಾಣೋ ಹಾಗೆ. ಸೆನ್ಸರ್ ಹಾಕಿದ ಮೇಲೂ ನಿಂತರೆ ವೈರಿಂಗು. ಅದು ದೊಡ್ಡ ಕೆಲಸ.

ವಕೀಲಮ್ಮ | ಶನಿವಾರ ರಾತ್ರಿ 9:10

ಸರಿಹೋದರೆ ಬದಲಿ ಕಾರು ಸಿಗೋದು ಕಷ್ಟ, ನೇರವಾಗಿ ಹೇಳ್ತೀನಿ. 2006ರ ಕೇಸು ಅಡ್ಡ ಬರುತ್ತೆ. ಆದರೆ ನಾಲ್ಕು ತಿಂಗಳು ದೋಷ ಬರೆಯದೇ ಕಳಿಸಿದ್ದು ಸೇವಾ ನ್ಯೂನತೆ. ಅದಕ್ಕೆ ಪರಿಹಾರ ಕೇಳಬಹುದು. ವಾರಂಟಿ ಹೆಚ್ಚಿಸಿ ಅಂತಲೂ ಬರೆದು ಕೇಳಿ. ಸರಿಹೋಗದಿದ್ದರೆ ಈಗ ನಿಮ್ಮ ಕೈಯಲ್ಲಿ ಕಾಗದ ಇದೆ. ಹಿಂದಿನ ನಾಲ್ಕು ಭೇಟಿಯ ತಾರೀಕು ಹಾಕಿ ಇವತ್ತೇ ಡೀಲರ್‌ಗೂ ಕಂಪನಿಗೂ ಒಂದು ಇಮೇಲ್ ಹಾಕಿ, ಸ್ಪೀಡ್ ಪೋಸ್ಟಲ್ಲೂ ಕಳಿಸಿ.

ಬೆಣ್ಣೆ ಜಾಸ್ತಿ | ಶನಿವಾರ ರಾತ್ರಿ 9:14

ಈಗಲಾದ್ರೂ ಯಾವ ಕಂಪನಿ ಅಂತ ಹೇಳಿ ಅಣ್ಣಾ. ಬುಕಿಂಗ್ ಸೋಮವಾರ.

ಹದಡಿ ರೋಡ್ | ಶನಿವಾರ ರಾತ್ರಿ 9:16

ಪರ್ಸನಲ್ ಮೆಸೇಜ್ ನೋಡಿ.

ಬೆಣ್ಣೆ ಜಾಸ್ತಿ | ಶನಿವಾರ ರಾತ್ರಿ 9:17

ಅಯ್ಯೋ. ಅದೇ.

ಅಡಿಕೆ ಚನ್ನಗಿರಿ | ಶನಿವಾರ ರಾತ್ರಿ 11:48

ತಡವಾಗಿ ಬಂದೆ. ಹೊಸ ಟ್ರ್ಯಾಕ್ಟರ್, ಹೈಡ್ರಾಲಿಕ್ ಎತ್ತಿದ್ದು ತಾನಾಗೇ ಕೆಳಗೆ ಇಳಿಯುತ್ತೆ. ಮೂರು ಸಲ ಆಯಿಲ್ ಮಾತ್ರ ಬದಲಿಸಿದ್ದಾರೆ. ಇದೂ ಇದೇ ಕಾನೂನಿಗೆ ಬರುತ್ತಾ ಮೇಡಂ?

ಗ್ಯಾರೇಜ್ ಮಾವ | ಭಾನುವಾರ ಬೆಳಿಗ್ಗೆ 6:10

ಮೊದಲು ಜಾಬ್ ಕಾರ್ಡ್ ಫೋಟೋ ಹಾಕು ತಮ್ಮಾ.